ಮಾವನ ಪಿಕಪ್, 402 ಮೀಟರ್ ಮತ್ತು ನಾಲ್ಕು ಮೂಟೆ ಮರಳು

ನಮ್ಮ ಊರು ಮಾಣಿ. ಮಂಗಳೂರಿನಿಂದ ಬೆಂಗಳೂರಿಗೆ ಬಸ್ಸಲ್ಲಿ ಹೋದವರು ನೋಡಿರ್ತೀರಿ. ಕಲ್ಲಡ್ಕ ದಾಟಿದ ಮೇಲೆ ಒಂದು ಜಂಕ್ಷನ್ ಬರ್ತದೆ. ನೇರ ಹೋದರೆ ಉಪ್ಪಿನಂಗಡಿ, ಶಿರಾಡಿ ಘಾಟಿ, ಬೆಂಗಳೂರು. ಬಲಕ್ಕೆ ತಿರುಗಿದರೆ ಪುತ್ತೂರು, ಸುಳ್ಯ, ಮಡಿಕೇರಿ, ಮೈಸೂರು. ಆ ಜಂಕ್ಷನ್ನೇ ಮಾಣಿ. ಹೆಚ್ಚಿನವರು ಅಲ್ಲಿ ನಿದ್ದೆಯಲ್ಲಿರ್ತಾರೆ, ಅದು ಬೇರೆ ವಿಷಯ.

ಜಂಕ್ಷನ್‌ನಿಂದ ಸ್ವಲ್ಪ ಒಳಗೆ ನನ್ನ ಸೋದರಮಾವನ ಮನೆ. ಅಡಿಕೆ ತೋಟ. ಅಲ್ಲಿನ ಶೆಡ್‌ನಲ್ಲಿ ಒಂದು 1994ರ ಟಾಟಾಮೊಬೈಲ್ ಪಿಕಪ್ ಉಂಟು. ಎಫ್‌ಸಿ ಮುಗಿದಿದೆ, ಹಾಗಾಗಿ ರೋಡಿಗೆ ಇಳಿಯುವುದಿಲ್ಲ. ತೋಟದೊಳಗೆ ಗೊಬ್ಬರ, ತೆಂಗಿನಕಾಯಿ ಸಾಗಿಸಲಿಕ್ಕೆ ಮಾತ್ರ. ಇದು ಸಣ್ಣ ಗಾಡಿ ಅಂತ ತಾತ್ಸಾರ ಮಾಡಬೇಡಿ. 1988ರಲ್ಲಿ ಟಾಟಾ ಕಂಪೆನಿ, ಆಗ ಅದರ ಹೆಸರು ಟೆಲ್ಕೋ, ಈ ಪಿಕಪ್ ತಂದಿತು. ಇದರದ್ದೇ ಬುಡದ ಮೇಲೆ 1991ರಲ್ಲಿ ಸಿಯೆರಾ ಬಂತು, ಆಮೇಲೆ ಎಸ್ಟೇಟ್, ಸುಮೋ. ನಮ್ಮ ದೇಶದಲ್ಲಿ ಕ್ಲಾಸಿಕ್ ಪಿಕಪ್ ಅಂತ ಕರೆಯುವ ಯೋಗ್ಯತೆ ಇರುವ ಗಾಡಿಗಳಲ್ಲಿ ಇದೊಂದು.

ಫಸ್ಟ್ ಇಯರ್ ಮುಗಿದ ರಜೆಯಲ್ಲಿ ನನಗೆ ಒಂದು ಹುಚ್ಚು ಹಿಡಿಯಿತು. ಅಮೆರಿಕದಲ್ಲಿ ಹಳೆಯ ಡಾಟ್ಸನ್, ಷೆವ್ರೊಲೆಟ್ ಎಸ್-10 ತರದ ಸಣ್ಣ ಪಿಕಪ್‌ಗಳನ್ನು ಬಿಚ್ಚಿ ಡ್ರ್ಯಾಗ್ ರೇಸ್‌ಗೆ ರೆಡಿ ಮಾಡ್ತಾರೆ. ಆ ವಿಡಿಯೋ ನೋಡಿ ನೋಡಿ, ಮಾವನ ಪಿಕಪ್‌ಗೂ ಒಂದು ಟರ್ಬೋ ಹಾಕಿದರೆ ಹೇಗೆ ಅಂತ ಅನಿಸಿತು. ನನ್ನ ಹತ್ತಿರ ಸ್ವಲ್ಪ ದುಡ್ಡು ಕೂಡಿಟ್ಟದ್ದು ಇತ್ತು. ಮಾವನ ಹತ್ತಿರ ಹೇಳಿದೆ. ಅವರು ನಗಲಿಲ್ಲ, ಬೈಯಲಿಲ್ಲ. ತುಳುವಿನಲ್ಲಿ ಒಂದೇ ಪ್ರಶ್ನೆ ಕೇಳಿದ್ರು. ಕನ್ನಡದಲ್ಲಿ ಹೇಳುವುದಾದರೆ ಇಷ್ಟು: "ಅಲ್ಲ ಮಾರಾಯ, ಹಿಂದೆ ಲೋಡ್ ಇಲ್ಲದೆ ಚಕ್ರ ನೆಲ ಹಿಡಿಯುವುದು ಹೇಗೆ?"

ಈ ಲೇಖನ ಪೂರ್ತಿ ಆ ಪ್ರಶ್ನೆಗೆ ನಾನು ಹುಡುಕಿದ ಉತ್ತರ. ಮೆಕ್ಯಾನಿಕಲ್‌ನವರಿಗೆ ಕೆಲವು ವಿಷಯ ಗೊತ್ತಿರ್ತದೆ, ಬೇರೆ ಬ್ರಾಂಚ್‌ನವರಿಗೂ ಅರ್ಥ ಆಗುವ ಹಾಗೆ ಬರೆಯಲು ಪ್ರಯತ್ನಿಸಿದ್ದೇನೆ.

ಡ್ರ್ಯಾಗ್ ರೇಸ್ ಅಂದರೆ ಎಂತ?

ಕಂಬಳ ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಜೋಡುಕರೆ ಕಂಬಳದಲ್ಲಿ ಪಕ್ಕಪಕ್ಕ ಎರಡು ಕರೆ ಇರ್ತದೆ. ಗಂತಿನಿಂದ ಎರಡು ಜೊತೆ ಕೋಣಗಳು ಒಟ್ಟಿಗೆ ಹೊರಡ್ತವೆ, ಮಂಜೊಟ್ಟಿಗೆ ಮೊದಲು ಮುಟ್ಟಿದವರು ಗೆದ್ದರು. ತಿರುವು ಇಲ್ಲ, ಓವರ್‌ಟೇಕ್ ಇಲ್ಲ. ಡ್ರ್ಯಾಗ್ ರೇಸ್ ಕೂಡ ಇಷ್ಟೇ. ಕೋಣದ ಬದಲು ಗಾಡಿ, ಕೆಸರಿನ ಬದಲು ಡಾಂಬರು ಅಥವಾ ಕಾಂಕ್ರೀಟ್, ದೂರ ಕಾಲು ಮೈಲಿ, ಅಂದರೆ 402 ಮೀಟರ್.

ಎರಡನೇ ಮಹಾಯುದ್ಧ ಮುಗಿದ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ಹುಡುಗರು ಹಳೆಯ ಕಾರು ರಿಪೇರಿ ಮಾಡಿ ಬೀದಿಯಲ್ಲೇ ರೇಸ್ ಮಾಡ್ತಿದ್ದರು, ಆಕ್ಸಿಡೆಂಟ್‌ಗಳೂ ಆಗ್ತಿದ್ದವು. 1950ರಲ್ಲಿ ಸಾಂಟಾ ಆನಾ ಎಂಬಲ್ಲಿ ಏರ್‌ಪೋರ್ಟ್ ರನ್‌ವೇ ಮೇಲೆ ಟಿಕೆಟ್ ಇಟ್ಟು ರೇಸ್ ಶುರುವಾಯಿತು. 1951ರಲ್ಲಿ ವಾಲಿ ಪಾರ್ಕ್ಸ್ ಎನ್‌ಎಚ್‌ಆರ್‌ಎ ಎಂಬ ಸಂಸ್ಥೆ ಕಟ್ಟಿದರು. ರೇಸನ್ನು ರೋಡಿನಿಂದ ಸ್ಟ್ರಿಪ್‌ಗೆ ತರುವುದೇ ಅದರ ಉದ್ದೇಶ. 1963ರಲ್ಲಿ 'ಕ್ರಿಸ್‌ಮಸ್ ಟ್ರೀ' ಎಂಬ ಲೈಟ್ ಕಂಬ ಬಂತು. ಹಳದಿ ಲೈಟುಗಳು ಒಂದರ ಕೆಳಗೆ ಒಂದು ಹೊತ್ತಿ, ಕೊನೆಗೆ ಹಸಿರು ಬರ್ತದೆ.

ಇಲ್ಲಿ ಒಂದು ವಿಷಯ ಗಮನಿಸಿ. ಗಾಡಿಯ ಟೈಮ್ ಲೆಕ್ಕ ಶುರುವಾಗುವುದು ಹಸಿರು ಲೈಟ್ ಬಂದಾಗ ಅಲ್ಲ, ಮುಂದಿನ ಚಕ್ರ ಸ್ಟಾರ್ಟ್ ಲೈನ್‌ನ ಬೆಳಕಿನ ಕಿರಣದಿಂದ ಆಚೆ ಸರಿದಾಗ. ಹಸಿರು ಬಂದು ನೀವು ಹೊರಡುವ ತನಕದ ಹೊತ್ತು ಬೇರೆ, ಅದು ರಿಯಾಕ್ಷನ್ ಟೈಮ್. ಹಾಗಾಗಿ ಕಡಿಮೆ ಟೈಮ್ ತೆಗೆದ ಗಾಡಿ ಕೂಡ ಸೋಲಬಹುದು, ಓಡಿಸುವವ ತಡ ಮಾಡಿದರೆ. ಟೈಮ್ ಸ್ಲಿಪ್‌ನಲ್ಲಿ ಇನ್ನೊಂದು ನಂಬರ್ ಇರ್ತದೆ: ಮೊದಲ 60 ಅಡಿ, ಅಂದರೆ 18.3 ಮೀಟರ್ ದಾಟಲು ಹಿಡಿದ ಸಮಯ. ಅನುಭವ ಇರುವವರು ಮೊದಲು ನೋಡುವುದು ಅದನ್ನೇ. ಯಾಕೆ ಅಂತ ಮುಂದೆ ಹೇಳ್ತೇನೆ.

ಎಚ್‌ಪಿ ಡಬಲ್ ಮಾಡಿದರೆ ಟೈಮ್ ಅರ್ಧ ಆಗ್ತದಾ?

ನಾನೂ ಹಾಗೇ ಅಂದುಕೊಂಡಿದ್ದೆ. ಲೆಕ್ಕ ಮಾಡಿ ನೋಡಿದಾಗ ಬೇಜಾರಾಯಿತು.

ಎಂಜಿನ್ ಪೂರ್ತಿ ಹೊತ್ತು ಒಂದೇ ಪವರ್ ಕೊಡ್ತದೆ, ಗಾಳಿಯ ತಡೆ ಇಲ್ಲ, ಚಕ್ರ ಜಾರುವುದಿಲ್ಲ ಅಂತ ಹಿಡಿಯಿರಿ. ಪವರ್ ಗುಣಿಸು ಸಮಯ ಅಂದರೆ ಗಾಡಿಯ ಕೈನೆಟಿಕ್ ಎನರ್ಜಿ. ಅಲ್ಲಿಂದ ವೇಗ ತೆಗೆದು ಇಂಟಿಗ್ರೇಟ್ ಮಾಡಿದರೆ, ಒಂದು ದೂರ ಕ್ರಮಿಸಲು ಬೇಕಾದ ಸಮಯ, ತೂಕವನ್ನು ಪವರ್‌ನಿಂದ ಭಾಗಿಸಿದ್ದರ ಕ್ಯೂಬ್ ರೂಟ್‌ಗೆ ತಕ್ಕ ಹಾಗೆ ಬರ್ತದೆ. ಫಸ್ಟ್ ಸೆಮ್ ಮ್ಯಾಥ್ಸ್ ಇಷ್ಟಕ್ಕಾದರೂ ಉಪಯೋಗಕ್ಕೆ ಬಂತು.

ಮಾವನ ಪಿಕಪ್, ಓಡಿಸುವವರು ಸೇರಿ 1500 ಕೆಜಿ ಅಂತಲೂ, ಅದರ 1948 ಸಿಸಿ ಡೀಸೆಲ್ ಎಂಜಿನ್ 63 ಎಚ್‌ಪಿ ಕೊಡ್ತದೆ ಅಂತಲೂ ಹಿಡಿದೆ. ಈ ಆದರ್ಶ ಲೆಕ್ಕದಲ್ಲಿ 402 ಮೀಟರ್‌ಗೆ 18 ಸೆಕೆಂಡ್. ನಿಜವಾದ ಗಾಡಿಗಳಿಗೆ ರೇಸ್‌ನವರು ಬಳಸುವ ಅಂದಾಜು ಸೂತ್ರ ಒಂದು ಉಂಟು. ಅದನ್ನು ಕೆಜಿಗೆ ಬದಲಾಯಿಸಿದರೆ ಹೀಗೆ ಬರ್ತದೆ: ಸಮಯ = 7.58 × (ಕೆಜಿ ÷ ಎಚ್‌ಪಿ)ಯ ಕ್ಯೂಬ್ ರೂಟ್. ಇದರ ಪ್ರಕಾರ ನಮ್ಮ ಪಿಕಪ್‌ಗೆ 21.8 ಸೆಕೆಂಡ್, ಕೊನೆಯಲ್ಲಿ ವೇಗ ಗಂಟೆಗೆ ಸುಮಾರು 100 ಕಿ.ಮೀ.

ಈಗ ಬದಲಾವಣೆ ಮಾಡೋಣ.

ಟರ್ಬೋ ಹಾಕಿ 90 ಎಚ್‌ಪಿ ಮಾಡಿದರೆ: 19.4 ಸೆಕೆಂಡ್.
ಪವರ್ ಪೂರ್ತಿ ಡಬಲ್, 126 ಎಚ್‌ಪಿ ಮಾಡಿದರೆ: 17.3 ಸೆಕೆಂಡ್.
ಎಂಜಿನ್ ಮುಟ್ಟದೆ 150 ಕೆಜಿ ಇಳಿಸಿದರೆ: 21.1 ಸೆಕೆಂಡ್.

ಅಂದರೆ ಪವರ್ ಡಬಲ್ ಮಾಡಿದರೂ ಟೈಮ್ ಇಳಿಯುವುದು ಬರೀ 20 ಪರ್ಸೆಂಟ್. ಅದೂ ಕೂಡ ಚಕ್ರ ಜಾರದಿದ್ದರೆ ಮಾತ್ರ. ಆ 'ಮಾತ್ರ'ದಲ್ಲೇ ಮಾವನ ಪ್ರಶ್ನೆ ಕೂತಿದೆ.

ಒಂದು ತಮಾಷೆ ಲೆಕ್ಕವನ್ನೂ ಮಾಡಿದೆ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಮೂಡಬಿದ್ರೆ ಕಡೆಯ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡಲ್ಲಿ ಓಡಿದ್ದು ನಿಮಗೆ ನೆನಪಿರಬಹುದು. ಅವರನ್ನು ಉಸೇನ್ ಬೋಲ್ಟ್‌ಗೆ ಹೋಲಿಸಿ ಇಡೀ ದೇಶ ಮಾತಾಡಿತ್ತು. ಅಷ್ಟೇ ದೂರಕ್ಕೆ ನಮ್ಮ ಪಿಕಪ್ ಒಣ ಕಾಂಕ್ರೀಟ್ ಮೇಲೆ ಸುಮಾರು 11 ಸೆಕೆಂಡ್ ತಗೊಳ್ತದೆ. ಗೆದ್ದೆವು ಅಂತ ಕುಣಿಯುವ ಮೊದಲು, ಅದೇ ಪಿಕಪ್ಪನ್ನು ಕಂಬಳದ ಕರೆಗೆ ಇಳಿಸಿ ನೋಡಿ. 63 ಎಚ್‌ಪಿ ಇದ್ದರೂ ಗಂತಿನಲ್ಲೇ ಹೂತು ಕೂರ್ತದೆ. ಕೋಣಗಳು ಆಗ ಮಂಜೊಟ್ಟಿ ಮುಟ್ಟಿ ನೀರು ಕುಡಿಯುತ್ತಾ ಇರ್ತವೆ. ವ್ಯತ್ಯಾಸ ಎಂಜಿನ್‌ದಲ್ಲ, ನೆಲ ಹಿಡಿಯುವುದರದ್ದು.

ಖಾಲಿ ಪಿಕಪ್‌ನ ಸಮಸ್ಯೆ

ಪಿಕಪ್ ಅಂದರೆ ಲೋಡ್ ಹೊರಲು ಮಾಡಿದ ಗಾಡಿ. ಎಂಜಿನ್, ಗೇರ್‌ಬಾಕ್ಸ್, ಕ್ಯಾಬಿನ್, ಡ್ರೈವರ್ ಎಲ್ಲ ಮುಂದೆ. ಹಿಂದೆ ಖಾಲಿ ಬಾಡಿ. ಆದರೆ ಗಾಡಿಯನ್ನು ತಳ್ಳುವುದು ಹಿಂದಿನ ಚಕ್ರ. ಮಳೆಗಾಲದಲ್ಲಿ ಖಾಲಿ ಪಿಕಪ್ ಓಡಿಸಿದ ಯಾರನ್ನು ಬೇಕಾದರೂ ಕೇಳಿ, ಏರಿನಲ್ಲಿ ಆಕ್ಸಿಲರೇಟರ್ ಜಾಸ್ತಿ ಕೊಟ್ಟರೆ ಹಿಂದಿನ ಭಾಗ ಒಂದು ಬದಿಗೆ ಜಾರ್ತದೆ.

ಟೈರ್ ಎಷ್ಟು ತಳ್ಳಬಹುದು ಅನ್ನುವುದಕ್ಕೆ ಒಂದು ಮಿತಿ ಉಂಟು: ಆ ಚಕ್ರದ ಮೇಲಿರುವ ಭಾರ ಗುಣಿಸು ಗ್ರಿಪ್. ಗ್ರಿಪ್ ಅಂದರೆ ಫ್ರಿಕ್ಷನ್ ಕೋಎಫಿಶಿಯೆಂಟ್. ಒಣ ಡಾಂಬರಿನಲ್ಲಿ ಮಾಮೂಲಿ ಟೈರ್‌ಗೆ 0.8 ಅಂತ ಹಿಡಿಯಿರಿ.

ಗಾಡಿ ಮುಂದೆ ನುಗ್ಗುವಾಗ ಹಿಂದಿನ ಭಾಗ ಕುಗ್ಗಿ ಮುಂದಿನ ಭಾಗ ಮೇಲೇಳುವುದು ನೋಡಿದ್ದೀರಲ್ಲ? ಆಗ ಮುಂದಿನ ಭಾರ ಸ್ವಲ್ಪ ಹಿಂದಿನ ಚಕ್ರಕ್ಕೆ ವರ್ಗ ಆಗ್ತದೆ. ಎಷ್ಟು ಅಂದರೆ, ತೂಕ ಗುಣಿಸು ಆಕ್ಸಿಲರೇಷನ್ ಗುಣಿಸು ಸೆಂಟರ್ ಆಫ್ ಗ್ರ್ಯಾವಿಟಿಯ ಎತ್ತರ, ಭಾಗಿಸು ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ. ಎತ್ತರ 70 ಸೆಂ.ಮೀ., ಅಂತರ 2.8 ಮೀಟರ್ ಅಂತ ಇಟ್ಟುಕೊಳ್ಳಿ, ಅನುಪಾತ ಕಾಲು ಭಾಗ.

ಖಾಲಿ ಪಿಕಪ್‌ನಲ್ಲಿ ಹಿಂದೆ 40 ಪರ್ಸೆಂಟ್ ಭಾರ ಇದ್ದರೆ, ಹೆಚ್ಚೆಂದರೆ 0.40 ಜಿ ಆಕ್ಸಿಲರೇಷನ್ ಸಾಧ್ಯ. ಎಂಜಿನ್ ಎಷ್ಟು ದೊಡ್ಡದಿದ್ದರೂ ಅಷ್ಟೇ. ಅದೇ ಭಾರವನ್ನು 50-50 ಮಾಡಿದರೆ 0.50 ಜಿ. ಒಂದು ಎಚ್‌ಪಿ ಕೂಡ ಸೇರಿಸದೆ ಸ್ಟಾರ್ಟಿಂಗ್ ಕಾಲು ಭಾಗ ಜಾಸ್ತಿ ಆಯಿತು. ಅದರ ಮೇಲೆ ಗ್ರಿಪ್ 1.2 ಇರುವ ಮೆತ್ತನೆಯ ಡ್ರ್ಯಾಗ್ ಟೈರ್ ಹಾಕಿದರೆ 0.86 ಜಿ ತನಕ ಹೋಗಬಹುದು.

ಇದಕ್ಕೆ ಒಳ್ಳೆಯ ಸಾಕ್ಷಿ ಜಿಎಂಸಿ ಸೈಕ್ಲೋನ್ ಎಂಬ 1991ರ ಪಿಕಪ್. 4.3 ಲೀಟರ್ ವಿ6 ಎಂಜಿನ್, ಟರ್ಬೋ, 280 ಎಚ್‌ಪಿ. ಆ ವರ್ಷ ಅಮೆರಿಕದ 'ಕಾರ್ ಆಂಡ್ ಡ್ರೈವರ್' ಪತ್ರಿಕೆ ಅದನ್ನು ಫೆರಾರಿ 348ರ ಜೊತೆ ಕಾಲು ಮೈಲಿ ಓಡಿಸಿತು. ಪಿಕಪ್ ಗೆದ್ದಿತು! ಫೆರಾರಿಯ ಪವರ್ ಇದಕ್ಕಿಂತ ಜಾಸ್ತಿಯೇ ಇತ್ತು. ಆದರೆ ಸೈಕ್ಲೋನ್‌ನಲ್ಲಿ ನಾಲ್ಕೂ ಚಕ್ರಕ್ಕೆ ಡ್ರೈವ್ ಇತ್ತು, ಹಾಗಾಗಿ ಇಡೀ ಗಾಡಿಯ ಭಾರ ಗ್ರಿಪ್‌ಗೆ ಸಿಕ್ಕಿತು.

ತೋಟದ ದಾರಿಯಲ್ಲಿ ಟೆಸ್ಟ್

ಲೆಕ್ಕ ಸರಿಯಾ ಅಂತ ನೋಡಬೇಕಲ್ಲ. ರೋಡಿಗೆ ಹೋಗುವ ಹಾಗಿಲ್ಲ. 402 ಮೀಟರ್ ಬೇಕಾಗಿಯೂ ಇಲ್ಲ, ಮೊದಲ 18.3 ಮೀಟರ್ ಸಾಕು. ಮಾವನ ತೋಟದೊಳಗೆ ನೇರವಾದ ಒಂದು ಮಣ್ಣಿನ ದಾರಿ ಉಂಟು. ಎರಡು ಕಡೆ ಅಡಿಕೆ ದಬ್ಬೆ ನೆಟ್ಟು ಗುರುತು ಮಾಡಿದೆವು. ಹಿಂದಿನ ದಿನ ಮಳೆ ಬಂದು ದಾರಿ ಒದ್ದೆ ಇತ್ತು. ಓಡಿಸಿದ್ದು ಮಾವ, ನಾನು ದೂರದಲ್ಲಿ ನಿಂತು ಫೋನ್‌ನಲ್ಲಿ ವಿಡಿಯೋ ಮಾಡಿದೆ. ಸೆಕೆಂಡಿಗೆ 60 ಫ್ರೇಮ್, ಆಮೇಲೆ ಫ್ರೇಮ್ ಎಣಿಸಿದರೆ ಸಮಯ ಸಿಗ್ತದೆ. ವೇಗ 30 ಕಿ.ಮೀ. ಆಸುಪಾಸು, ಹಾಗಾಗಿ ಹೆದರಿಕೆ ಇಲ್ಲ.

ಖಾಲಿ ಗಾಡಿ ಮೂರು ಸಲ: 4.6, 4.5, 4.7 ಸೆಕೆಂಡ್.

ಆಮೇಲೆ 50 ಕೆಜಿಯ ನಾಲ್ಕು ಮೂಟೆ ಮರಳನ್ನು ಹಿಂದಿನ ಆಕ್ಸಲ್‌ನ ಮೇಲೆ ಬರುವ ಹಾಗೆ ಇಟ್ಟು, ಹಗ್ಗದಲ್ಲಿ ಕಟ್ಟಿ ಮೂರು ಸಲ: 4.2, 4.3, 4.2.

200 ಕೆಜಿ ಭಾರ ಜಾಸ್ತಿ ಆದಮೇಲೆ ಗಾಡಿ ಬೇಗ ಹೋಯಿತು! ಮಾವ ಕ್ಯಾಬಿನ್‌ನಿಂದ ಇಳಿದು, "ಇದಕ್ಕೆ ಇಂಜಿನಿಯರಿಂಗ್ ಓದಬೇಕಾ?" ಅಂತ ಕೇಳಿದ್ರು.

ನಾನು ಸೂತ್ರಕ್ಕೆ ಹಾಕಿ ನೋಡಿದೆ. ಒದ್ದೆ ಮಣ್ಣಿನ ಗ್ರಿಪ್ 0.4 ಅಂತ ಹಿಡಿದರೆ ಖಾಲಿಗೆ 4.6, ಲೋಡ್‌ಗೆ 4.2 ಬರ್ತದೆ. ಆ 0.4 ನಾನೇ ಹೊಂದಿಸಿಕೊಂಡದ್ದು, ಹಾಗಾಗಿ ಇದನ್ನು ಪ್ರೂಫ್ ಅನ್ನಲಾಗದು. ಆದರೆ ಎರಡರ ನಡುವಿನ ವ್ಯತ್ಯಾಸ ಸರಿಯಾಗಿ ಬಂದದ್ದು ಖುಷಿಯಾಯಿತು.

ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಅದೇ 200 ಕೆಜಿ ಹೊತ್ತು ಪೂರ್ತಿ 402 ಮೀಟರ್ ಓಡಿದರೆ? ಕ್ಯೂಬ್ ರೂಟ್ ಸೂತ್ರದಲ್ಲಿ 21.8 ಇದ್ದದ್ದು 22.7 ಆಗ್ತದೆ. ಒದ್ದೆ ಮಣ್ಣಲ್ಲಿ ಸ್ಟಾರ್ಟಿಂಗ್‌ನಲ್ಲಿ ಗಳಿಸಿದ್ದು 0.4, ಉಳಿದ ದೂರದಲ್ಲಿ ಕಳೆದದ್ದು ಅದಕ್ಕಿಂತ ಜಾಸ್ತಿ. ಇದರಿಂದ ಗೊತ್ತಾದ ಪಾಠ: ಭಾರ ಸೇರಿಸಬಾರದು, ಇರುವ ಭಾರವನ್ನು ಹಿಂದಕ್ಕೆ ಸಾಗಿಸಬೇಕು.

ಹಾಗಾದರೆ ಕೆಲಸ ಯಾವ ಕ್ರಮದಲ್ಲಿ?

ಇದನ್ನೆಲ್ಲ ಇಟ್ಟುಕೊಂಡು ನಾನು ಒಂದು ಪಟ್ಟಿ ಮಾಡಿದೆ. ನನ್ನ ಮೊದಲ ಪಟ್ಟಿಯಲ್ಲಿ ಟರ್ಬೋ ಒಂದನೇ ನಂಬರ್‌ನಲ್ಲಿತ್ತು. ಈಗ ಅದು ಕೊನೆಗೆ ಹೋಗಿದೆ.

1. ಬ್ರೇಕ್. ಮೊದಲು ನಿಲ್ಲಲಿಕ್ಕೆ ಕಲಿಯಬೇಕು. 100 ಕಿ.ಮೀ. ವೇಗದಿಂದ 0.5 ಜಿಯಲ್ಲಿ ಬ್ರೇಕ್ ಹಿಡಿದರೆ ನಿಲ್ಲಲು ಸುಮಾರು 80 ಮೀಟರ್ ಬೇಕು. ಕಾಲು ಬ್ರೇಕ್‌ಗೆ ಹೋಗಲು ಒಂದು ಸೆಕೆಂಡ್ ತಗೊಂಡರೆ ಇನ್ನೂ 28 ಮೀಟರ್. ಖಾಲಿ ಪಿಕಪ್‌ನಲ್ಲಿ ಬ್ರೇಕ್ ಹಿಡಿದಾಗ ಭಾರ ಮುಂದಕ್ಕೆ ಹೋಗಿ ಹಿಂದಿನ ಚಕ್ರ ಲಾಕ್ ಆಗಿ ಗಾಡಿ ತಿರುಗಬಹುದು. ಲೈನರ್, ಡ್ರಮ್, ಸಿಲಿಂಡರ್ ಎಲ್ಲ ಹೊಸದಿರಬೇಕು, ಮುಂದೆ-ಹಿಂದೆ ಎಷ್ಟು ಹಿಡಿಯಬೇಕು ಅನ್ನುವುದನ್ನು ಸೆಟ್ ಮಾಡಬೇಕು.

2. ತೂಕ. ಮುಂದಿನ ಕಬ್ಬಿಣದ ಗಾರ್ಡ್, ಕ್ಯಾಬಿನ್ ಮೇಲಿನ ಕ್ಯಾರಿಯರ್, ಎಕ್ಸ್‌ಟ್ರಾ ಸೀಟ್ ಎಲ್ಲ ಬಿಚ್ಚಬೇಕು. ಮುಂದಿನಿಂದ ತೆಗೆದ ಪ್ರತಿ ಕೆಜಿಗೆ ಎರಡು ಲಾಭ, ಒಟ್ಟು ತೂಕವೂ ಇಳಿಯಿತು, ಹಿಂದಿನ ಪಾಲೂ ಏರಿತು. ಬ್ಯಾಟರಿಯನ್ನು ಹಿಂದಿನ ಬಲ ಚಕ್ರದ ಹತ್ತಿರ ಇಡ್ತಾರೆ. ಬಲ ಯಾಕೆ ಅಂದರೆ, ಪ್ರೊಪೆಲ್ಲರ್ ಶಾಫ್ಟ್ ತಿರುಗುವ ಜೋರಿಗೆ ಹಿಂದಿನ ಆಕ್ಸಲ್‌ನ ಬಲ ಬದಿ ಮೇಲೇಳಲು ನೋಡ್ತದೆ. ಆ ಚಕ್ರವೇ ಮೊದಲು ಜಾರುವುದು. ಬ್ಯಾಟರಿಯನ್ನು ಗಟ್ಟಿಯಾಗಿ ಬಿಗಿದು, ಹೊರಗಿನಿಂದ ಆಫ್ ಮಾಡುವ ಸ್ವಿಚ್ ಇಡಬೇಕು.

3. ಟೈರ್. ರಿಸೋಲ್ ಟೈರ್ ಕನಸಿನಲ್ಲೂ ಬೇಡ, ಆ ವೇಗದಲ್ಲಿ ಸಿಪ್ಪೆ ಎದ್ದು ಬಂದರೆ ಮುಗಿಯಿತು. ಡ್ರ್ಯಾಗ್ ಟೈರ್‌ನ ರಬ್ಬರ್ ಮೆತ್ತಗೆ, ಗಾಳಿ ಕಡಿಮೆ, ಹಾಗಾಗಿ ನೆಲಕ್ಕೆ ಅಗಲವಾಗಿ ಅಂಟಿಕೊಳ್ತದೆ. ರೇಸ್‌ಗೆ ಮೊದಲು ಚಕ್ರ ತಿರುಗಿಸಿ ಹೊಗೆ ಎಬ್ಬಿಸುವುದು ಶೋಕಿಗೆ ಅಂದುಕೊಂಡಿದ್ದೆ. ಅಲ್ಲ, ರಬ್ಬರ್ ಬಿಸಿ ಮಾಡಿ ಮೆತ್ತಗೆ ಮಾಡಲಿಕ್ಕೆ.

4. ಲೀಫ್ ಸ್ಪ್ರಿಂಗ್. ಹಿಂದಿನ ಪ್ಲೇಟುಗಳು ಒಂದು ಟನ್ನಿನ ಹತ್ತಿರ ಲೋಡ್‌ಗೆ ಮಾಡಿದ್ದು. ಖಾಲಿ ಇರುವಾಗ ಕಲ್ಲಿನ ಹಾಗೆ ಗಟ್ಟಿ. ಆದರೆ ಜೋರಾಗಿ ಹೊರಟಾಗ ಆಕ್ಸಲ್ ಹೌಸಿಂಗ್ ತನ್ನ ಮೂತಿಯನ್ನು ಮೇಲೆತ್ತಿ ತಿರುಗಲು ನೋಡ್ತದೆ, ಪ್ಲೇಟ್ ಇಂಗ್ಲಿಷಿನ 'ಎಸ್' ಆಕಾರಕ್ಕೆ ಬಾಗ್ತದೆ, ಆಮೇಲೆ ಟಪ್ ಅಂತ ಬಿಟ್ಟುಕೊಳ್ತದೆ. ಇದು ಸೆಕೆಂಡಿಗೆ ಹಲವು ಸಲ ಆಗಿ ಚಕ್ರ ನೆಲದ ಮೇಲೆ ಕುಣಿಯುತ್ತದೆ. ಇದಕ್ಕೆ ಟ್ರ್ಯಾಕ್ಷನ್ ಬಾರ್ ಹಾಕ್ತಾರೆ. ಆಕ್ಸಲ್‌ಗೆ ಬಿಗಿದ ಒಂದು ಉಕ್ಕಿನ ತೋಳು, ಅದರ ತುದಿಯಲ್ಲಿ ರಬ್ಬರ್, ಪ್ಲೇಟಿನ ಮುಂದಿನ ಕಣ್ಣಿನ ಕೆಳಗೆ ತಾಗಿ ತಿರುಗುವುದನ್ನು ತಡೆಯುತ್ತದೆ. ಒಳ್ಳೆಯ ವೆಲ್ಡರ್ ಇದ್ದರೆ ಇದು ದೊಡ್ಡ ಖರ್ಚಿನ ಕೆಲಸ ಅಲ್ಲ. ಇಷ್ಟು ಸಣ್ಣ ಭಾಗದಿಂದ ಸಿಗುವ ಲಾಭ ನೋಡಿದರೆ, ಪಟ್ಟಿಯಲ್ಲಿ ನನಗೆ ಅತಿ ಇಷ್ಟವಾದದ್ದು ಇದೇ.

5. ಡಿಫರೆನ್ಷಿಯಲ್. ಮಾಮೂಲಿ ಡಿಫರೆನ್ಷಿಯಲ್ ಎರಡೂ ಚಕ್ರಕ್ಕೆ ಒಂದೇ ಟಾರ್ಕ್ ಕೊಡ್ತದೆ. ಒಂದು ಚಕ್ರ ಜಾರಿದರೆ ಇನ್ನೊಂದಕ್ಕೂ ಅಷ್ಟೇ ಕಡಿಮೆ. ಕೆಸರಲ್ಲಿ ಒಂದು ಚಕ್ರ ಸುಮ್ಮನೆ ತಿರುಗುತ್ತಾ ಇನ್ನೊಂದು ನಿಂತೇ ಇರುವುದು ಇದೇ ಕಾರಣಕ್ಕೆ. ಲಿಮಿಟೆಡ್ ಸ್ಲಿಪ್ ಹಾಕಿದರೆ ಎರಡೂ ಒಟ್ಟಿಗೆ ತಳ್ಳುತ್ತವೆ. ಕೆಲವರು ಒಳಗಿನ ಗೇರುಗಳನ್ನೇ ವೆಲ್ಡ್ ಮಾಡಿ ಲಾಕ್ ಮಾಡ್ತಾರೆ. ಅಂತಹ ಗಾಡಿ ತಿರುವಿನಲ್ಲಿ ಟೈರ್ ಎಳೆದಾಡ್ತದೆ, ನೇರ ಸ್ಟ್ರಿಪ್‌ಗೆ ಬಿಟ್ಟು ಬೇರೆ ಎಲ್ಲಿಗೂ ಲಾಯಕ್ಕಲ್ಲ.

6. ಗೇರ್. ಹಳೆಯ ಡೀಸೆಲ್‌ನಲ್ಲಿ ಪ್ರತಿ ಗೇರ್ ಬದಲಿಸಲು ಅರ್ಧ ಸೆಕೆಂಡ್ ಹೋದರೆ, ಆ ಅರ್ಧ ಸೆಕೆಂಡ್ ಎಂಜಿನ್ ಏನೂ ತಳ್ಳುವುದಿಲ್ಲ. ಹಾಗಾಗಿ ಫಿನಿಶ್ ಲೈನ್ ಬರುವಾಗ ಗಾಡಿ ಒಂದು ಗೇರ್‌ನ ಪೂರ್ತಿ ತುದಿಯಲ್ಲಿ ಇರುವ ಹಾಗೆ ಕ್ರೌನ್-ಪಿನಿಯನ್ ಅನುಪಾತ ಅಥವಾ ಹಿಂದಿನ ಟೈರ್‌ನ ಅಳತೆ ಆರಿಸಬೇಕು. ಗೆರೆಗೆ 20 ಮೀಟರ್ ಮೊದಲು ಗೇರ್ ಬದಲಿಸಬೇಕಾಗಿ ಬಂದರೆ ಲೆಕ್ಕ ತಪ್ಪಿದೆ ಅಂತ ಅರ್ಥ.

7. ಎಂಜಿನ್. ಈಗ ಟರ್ಬೋ ಸರದಿ. ಡೀಸೆಲ್‌ನಲ್ಲಿ ಪವರ್ ಬರುವುದು ಜಾಸ್ತಿ ಗಾಳಿ, ಅದಕ್ಕೆ ತಕ್ಕ ಜಾಸ್ತಿ ಡೀಸೆಲ್ ಸೇರಿದಾಗ. ಬರೀ ಪಂಪ್ ಸೆಟ್ಟಿಂಗ್ ಏರಿಸಿದರೆ ಹಿಂದಿನಿಂದ ಕಪ್ಪು ಹೊಗೆ ಬರ್ತದೆ, ಅದು ಉರಿಯದೆ ಹೋದ ಡೀಸೆಲ್. ಗಾಳಿ ಒತ್ತಿದರೆ ಸಿಲಿಂಡರ್ ಒಳಗಿನ ಒತ್ತಡ, ಬಿಸಿ ಎರಡೂ ಏರಿ ಹೆಡ್ ಗ್ಯಾಸ್ಕೆಟ್, ಪಿಸ್ಟನ್‌ಗೆ ಕಷ್ಟ. ಹಾಗಾಗಿ ಇಂಟರ್‌ಕೂಲರ್, ಎಕ್ಸಾಸ್ಟ್‌ನ ಬಿಸಿ ನೋಡುವ ಮೀಟರ್, ಗಟ್ಟಿ ಕ್ಲಚ್ ಎಲ್ಲ ಒಟ್ಟಿಗೆ ಬರಬೇಕು. ಟಾಟಾದವರೇ ಆಮೇಲೆ ಸಿಯೆರಾಗೆ ಇದೇ ಕುಟುಂಬದ ಎಂಜಿನ್‌ಗೆ ಟರ್ಬೋ ಕೊಟ್ಟಿದ್ದರು. ನಾನು 90 ಎಚ್‌ಪಿ ಲೆಕ್ಕ ಹಾಕಿದ್ದು ಅದನ್ನು ನೋಡಿಯೇ.

ಇದರ ಜೊತೆ ಜೀವ ಉಳಿಸುವ ಸಾಮಾನು: ಹೆಲ್ಮೆಟ್, ನಾಲ್ಕೈದು ಕಡೆ ಬಿಗಿಯುವ ಬೆಲ್ಟ್, ರೋಲ್ ಕೇಜ್, ಮತ್ತು ಪ್ರೊಪೆಲ್ಲರ್ ಶಾಫ್ಟ್‌ನ ಸುತ್ತ ಒಂದು ಉಕ್ಕಿನ ಬಳೆ. ಮುಂದಿನ ಜಾಯಿಂಟ್ ತುಂಡಾದರೆ ಶಾಫ್ಟ್ ನೆಲಕ್ಕೆ ಚುಚ್ಚಿ ಗಾಡಿಯನ್ನೇ ಎತ್ತಿ ಹಾಕಬಹುದು. ಆ ಬಳೆ ಅದನ್ನು ಹಿಡಿದಿಡ್ತದೆ.

ಇಷ್ಟೆಲ್ಲ ಮಾಡಿದರೂ ಒಂದು ಸಾಧಾರಣ ಕಾರಿಗಿಂತ ನಿಧಾನವೇ ಅಲ್ವಾ ಅಂತ ನೀವು ಕೇಳಬಹುದು. ಅದಕ್ಕೂ ಅಮೆರಿಕದವರು ದಾರಿ ಮಾಡಿದ್ದಾರೆ, ಬ್ರ್ಯಾಕೆಟ್ ರೇಸ್ ಅಂತ. ಪ್ರತಿಯೊಬ್ಬರೂ ತಮ್ಮ ಗಾಡಿಯ ಟೈಮ್ ಮೊದಲೇ ಹೇಳಬೇಕು. ನಾನು 20 ಸೆಕೆಂಡ್, ನೀವು 14 ಸೆಕೆಂಡ್ ಅಂದರೆ ನನಗೆ ಹಸಿರು ಲೈಟ್ ಆರು ಸೆಕೆಂಡ್ ಮೊದಲು ಬರ್ತದೆ. ಹೇಳಿದ್ದಕ್ಕಿಂತ ಬೇಗ ಓಡಿದರೆ ಔಟ್. ಹಾಗಾಗಿ ಅಲ್ಲಿ ಗೆಲ್ಲುವುದು ಪ್ರತಿ ಸಲ ಒಂದೇ ಟೈಮ್ ತೆಗೆಯುವ ಗಾಡಿ, ಸರಿಯಾಗಿ ಹೊರಡುವ ಡ್ರೈವರ್.

ಓಡಿಸುವುದು ಎಲ್ಲಿ?

ಇದನ್ನು ಬರೆಯಬೇಕಾ ಬೇಡವಾ ಅಂತ ತುಂಬ ಯೋಚಿಸಿದೆ. ನಮ್ಮಲ್ಲಿ ಬಿ.ಸಿ.ರೋಡ್‌ನಿಂದ ಅಡ್ಡಹೊಳೆ ತನಕ ಹೈವೇ ಚತುಷ್ಪಥ ಆಗಲಿಕ್ಕೆ ಶುರುವಾದ ಮೇಲೆ, ಅಲ್ಲಲ್ಲಿ ನೇರವಾದ, ಹೊಸ ಕಾಂಕ್ರೀಟ್ ತುಂಡುಗಳು ಸಿಕ್ಕಿದವು. ನಾವು ಪಿಯು ಹುಡುಗರು ರಾತ್ರಿ ಅಲ್ಲಿ ಬೈಕ್ ಓಡಿಸ್ತಿದ್ದೆವು. ಒಂದು ರಾತ್ರಿ ನನ್ನ ಕ್ಲಾಸ್‌ಮೇಟ್ ಒಬ್ಬ ಫಿನಿಶ್ ಗೆರೆ ದಾಟಿದ. ಟೈಮ್ ಚೆನ್ನಾಗಿಯೇ ಬಂದಿತ್ತು. ಆದರೆ ಮುಂದೆ ಕತ್ತಲಲ್ಲಿ ಒಂದು ದನ ನಿಂತಿತ್ತು. ಅವನ ಕಾಲಿಗೆ ರಾಡ್ ಹಾಕಿದ್ದಾರೆ, ಒಂದು ವರ್ಷ ಕಾಲೇಜ್ ಹೋಯಿತು. ಫೋನ್‌ನಲ್ಲಿ ಸ್ಟಾಪ್‌ವಾಚ್ ಹಿಡಿದು ನಿಂತಿದ್ದದ್ದು ನಾನು.

ಆ ಟೈಮ್ ಕೂಡ ಸರಿಯಾದ್ದಲ್ಲ. ಹೆಬ್ಬೆರಳಿನಲ್ಲಿ ಒತ್ತುವ ಸ್ಟಾಪ್‌ವಾಚ್‌ನಲ್ಲಿ ಕಾಲು ಸೆಕೆಂಡ್ ಆಚೀಚೆ ಆಗ್ತದೆ. ದೂರ ಅಂದಾಜಿನದ್ದು, ರೋಡಿಗೆ ಇಳಿಜಾರು ಬೇರೆ. ಅವನು ಕಾಲು ಕೊಟ್ಟು ತಗೊಂಡ ನಂಬರ್‌ಗೆ ಅರ್ಥವೇ ಇಲ್ಲ.

ಸ್ಟ್ರಿಪ್ ಅಂದರೆ ಬರೀ 402 ಮೀಟರ್ ಅಲ್ಲ. ಅದರ ನಂತರ ನಿಲ್ಲಲು ಅಷ್ಟೇ ಅಥವಾ ಅದಕ್ಕಿಂತ ಉದ್ದ ಜಾಗ, ಎರಡೂ ಬದಿ ಗೋಡೆ, ಆಂಬುಲೆನ್ಸ್, ಬೆಂಕಿ ಆರಿಸುವವರು. 2008ರಲ್ಲಿ ಸ್ಕಾಟ್ ಕಲಿಟ್ಟಾ ಎಂಬ ಚಾಂಪಿಯನ್ ಓಟಗಾರ ನ್ಯೂಜೆರ್ಸಿಯ ಸ್ಟ್ರಿಪ್‌ನಲ್ಲಿ ತೀರಿಕೊಂಡ ಮೇಲೆ, ಎನ್‌ಎಚ್‌ಆರ್‌ಎ ತನ್ನ ಅತಿ ವೇಗದ ವರ್ಗಗಳಿಗೆ ಓಟದ ದೂರವನ್ನೇ 1000 ಅಡಿ, ಅಂದರೆ 305 ಮೀಟರ್‌ಗೆ ಇಳಿಸಿತು, ನಿಲ್ಲಲು ಜಾಗ ಜಾಸ್ತಿ ಸಿಗಲಿ ಅಂತ. ಅಷ್ಟು ವ್ಯವಸ್ಥೆ ಇರುವಲ್ಲೇ ಹೀಗಾದರೆ ನಮ್ಮ ಹೈವೇಯಲ್ಲಿ ಫಿನಿಶ್ ಗೆರೆ ಆದಮೇಲೆ ಬಸ್ ಸ್ಟಾಪ್ ಇರ್ತದೆ.

ಕಾನೂನು ಕೂಡ ಸ್ಪಷ್ಟ. ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಅನುಮತಿ ಇಲ್ಲದೆ ರೋಡಲ್ಲಿ ರೇಸ್ ಮಾಡಿದರೆ, 2019ರ ತಿದ್ದುಪಡಿಯ ನಂತರ, ಮೊದಲ ಸಲಕ್ಕೆ ಮೂರು ತಿಂಗಳ ತನಕ ಜೈಲು ಅಥವಾ 5000 ರೂಪಾಯಿ ತನಕ ದಂಡ ಅಥವಾ ಎರಡೂ. ಇನ್ನು 52ನೇ ಸೆಕ್ಷನ್ ಪ್ರಕಾರ, ಕಂಪೆನಿ ಕೊಟ್ಟ ಮೂಲ ವಿವರಗಳನ್ನು ಬದಲಾಯಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಅಂದರೆ ಮೇಲಿನ ಪಟ್ಟಿಯ ಹೆಚ್ಚಿನ ಕೆಲಸ ಮಾಡಿದ ಪಿಕಪ್ ರೋಡಿಗೆ ಇಳಿಯುವ ಹಾಗಿಲ್ಲ, ಲಾರಿಯಲ್ಲಿ ಹಾಕಿ ಟ್ರ್ಯಾಕ್‌ಗೆ ಒಯ್ಯಬೇಕು. ಕಂಬಳದ ಕೋಣಗಳನ್ನು ಒಯ್ಯುವ ಹಾಗೆ.

ಟ್ರ್ಯಾಕ್ ಉಂಟಾ? ನಮ್ಮ ಜಿಲ್ಲೆಯಲ್ಲಿ ಡ್ರ್ಯಾಗ್ ಸ್ಟ್ರಿಪ್ ಇಲ್ಲ. ಭಾರತದ ಮೋಟಾರ್ ಸ್ಪೋರ್ಟ್ಸ್ ನೋಡಿಕೊಳ್ಳುವುದು ಎಫ್‌ಎಂಎಸ್‌ಸಿಐ. ಚೆನ್ನೈ ಹತ್ತಿರ ಶ್ರೀಪೆರಂಬದೂರಿನ ಟ್ರ್ಯಾಕ್‌ನಲ್ಲಿ ಬೈಕ್‌ಗಳ ರಾಷ್ಟ್ರೀಯ ಡ್ರ್ಯಾಗ್ ಚಾಂಪಿಯನ್‌ಶಿಪ್ ನಡೆದಿದೆ. ಅದರಲ್ಲಿ ಹಲವು ಸಲ ಗೆದ್ದ ಹೇಮಂತ್ ಮುದ್ದಪ್ಪ ನಮ್ಮ ಬೆಂಗಳೂರಿನವರು. ಮಹಾರಾಷ್ಟ್ರದ ಆಂಬಿ ವ್ಯಾಲಿಯ ಏರ್‌ಸ್ಟ್ರಿಪ್‌ನಲ್ಲಿ 'ವ್ಯಾಲಿ ರನ್' ಎಂಬ ಕಾಲು ಮೈಲಿ ಓಟದಲ್ಲಿ ಕಾರು, ಬೈಕ್ ಎರಡೂ ಓಡಿವೆ. ಮಾಣಿಯಿಂದ ಶ್ರೀಪೆರಂಬದೂರಿಗೆ ಸುಮಾರು 600 ಕಿ.ಮೀ. 402 ಮೀಟರ್ ಓಡಲು 600 ಕಿ.ಮೀ. ಹೋಗಬೇಕು ಅಂದಾಗ ಮಾವ ಜೋರಾಗಿ ನಕ್ಕರು.

ಸದ್ಯಕ್ಕೆ ಆದದ್ದು ಇಷ್ಟು. ಟರ್ಬೋ ದುಡ್ಡಲ್ಲಿ ಸ್ವಲ್ಪ ತೆಗೆದು ಪಿಕಪ್‌ಗೆ ಹೊಸ ಬ್ರೇಕ್ ಲೈನರ್ ಹಾಕಿಸಿದೆವು. ಮುಂದಿನ ಗಾರ್ಡ್ ಬಿಚ್ಚಿದೆವು, ಅದೀಗ ಕೊಟ್ಟಿಗೆಯ ಗೇಟ್ ಆಗಿದೆ. ಡಿಸೆಂಬರ್ ರಜೆಯಲ್ಲಿ ಟ್ರ್ಯಾಕ್ಷನ್ ಬಾರ್ ಮಾಡಿಸಿ, ಅದೇ ದಬ್ಬೆಗಳ ನಡುವೆ ಪುನಃ ಅಳೆಯಬೇಕು ಅಂತ ಉಂಟು. ನನ್ನ ಕ್ಲಾಸ್‌ಮೇಟ್ ಈಗ ಊರುಗೋಲು ಬಿಟ್ಟು ನಡೀತಾನೆ. ಈ ಸಲ ಸ್ಟಾರ್ಟ್ ದಬ್ಬೆಯ ಹತ್ತಿರ ಬಾವುಟ ಹಿಡಿಯುವ ಕೆಲಸ ಅವನಿಗೆ, ಅವನೇ ಕೇಳಿ ತಗೊಂಡದ್ದು. ಟೈಮ್ ಎಷ್ಟು ಬಂತು ಅಂತ ಮುಂದಿನ ಸಂಚಿಕೆಯಲ್ಲಿ ಹೇಳ್ತೇನೆ. ನಿಮ್ಮ ಊರಿನ ಶೆಡ್‌ನಲ್ಲಿ ಇಂತಹ ಹಳೆಯ ಪಿಕಪ್ ಇದ್ದರೆ, ಮತ್ತು ಮರಳಿನ ಮೂಟೆ ಹೊರಲು ಇಬ್ಬರು ಫ್ರೆಂಡ್ಸ್ ಇದ್ದರೆ, ನೀವೂ ಅಳೆದು ನೋಡಿ. ತೋಟದೊಳಗೆ, ಹಗಲು ಹೊತ್ತಿನಲ್ಲಿ.